ಮೂರನೆಯ ಕಪ್ಪಿನ ಸಾಕ್ಷಿ

ಎರಡು ದಿನ, ಎಂಟು ಮನೆ, ಇಪ್ಪತ್ತನಾಲ್ಕು ಕಪ್ಪು ಚಹಾ. ವಿಯಾರ್ಡ್ ಹೈಕನ್‌ನ ಸರ್ಕಾರಿ ಸೇವೆಯ ಸಾಧನೆ ಸದ್ಯಕ್ಕೆ ಇಷ್ಟೇ.

ಅವನು ಪೂರ್ವ ಫ್ರೀಸ್‌ಲ್ಯಾಂಡ್‌ನ ಪುಟ್ಟ ಊರೊಂದರ ವ್ಯಾಪಾರ ಪರವಾನಗಿ ಕಚೇರಿಯ ಗುಮಾಸ್ತ. ಅಲ್ಲಿ ಕ್ಲಾಂಪ್ ಎಂಬ ಆಸಾಮಿ ವಯಸ್ಸಾದವರನ್ನು ಪುಕ್ಕಟೆ ಬಸ್ಸಿನಲ್ಲಿ ಸುತ್ತಾಡಿಸಿ, ಹಳ್ಳಿಯ ಹೋಟೆಲಿನಲ್ಲಿ ಕೇಕು ತಿನ್ನಿಸಿ, ಅಯಸ್ಕಾಂತದ ಹೊದಿಕೆ ಮಾರುತ್ತಿದ್ದ. ಅದನ್ನು ಹೊದ್ದರೆ ರಕ್ತದೊತ್ತಡ ಇಳಿಯುತ್ತದೆ, ಮಾತ್ರೆ ಬಿಸಾಡಿ ಎನ್ನುತ್ತಾನೆಂದು ಹೆಸರಿಲ್ಲದ ದೂರು ಬಂದಿತ್ತು. ಅವನ ಕರಪತ್ರದಲ್ಲಿ ಮಾತ್ರ 'ಸುಖನಿದ್ರೆ' ಎಂದಷ್ಟೇ ಅಚ್ಚಾಗಿತ್ತು. ಮೊಕದ್ದಮೆ ನಿಲ್ಲಬೇಕಾದರೆ, ಅವನು ಬಾಯಲ್ಲಿ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳುವವರು ಒಬ್ಬರಾದರೂ ಬೇಕು. ವಿಚಾರಣೆ ಬರುವ ಗುರುವಾರ.

ಆ ಸೀಮೆಯಲ್ಲಿ ಮೂರನೆಯ ಕಪ್ಪಿಗೆ ಮೊದಲು ಯಾರೂ ವಿಷಯಕ್ಕೆ ಬರುವುದಿಲ್ಲ. ಬಿಸಿ ಚಹಾಕ್ಕೆ ಬಿದ್ದ ಕಲ್ಲುಸಕ್ಕರೆ ಚಟಪಟ ಎನ್ನಬೇಕು, ಕೆನೆ ಮೇಲೇಳಬೇಕು, ಮಳೆಗಾಳಿಯ ಮಾತು ಮುಗಿಯಬೇಕು. ಸಾಕೆನ್ನುವವರು ಚಮಚವನ್ನು ಕಪ್ಪಿನೊಳಗೆ ಇಡುತ್ತಾರೆ. ಅಲ್ಲಿಗೆ ಚಹಾದ ಜೊತೆ ಮಾತೂ ಮುಗಿದಂತೆ. ಎಂಟೂ ಮನೆಗಳ ಮೂರನೆಯ ಕಪ್ಪಿನಲ್ಲಿ ವಿಯಾರ್ಡ್‌ಗೆ ಸಿಕ್ಕಿದ್ದು ಒಂದೇ ಉತ್ತರ.

"ಒಳ್ಳೇ ಮನುಷ್ಯ ಕಣಪ್ಪ ಆ ಕ್ಲಾಂಪ್. ಬಸ್ ಹತ್ತೋವಾಗ ಕೈ ಹಿಡ್ಕೋತಾನೆ. ನಿಮ್ಮ ಕಚೇರಿಯೋರು ಯಾವತ್ತಾದ್ರೂ ಹಿಡಿದಿದ್ದಾರಾ?"

ಒಂಬತ್ತನೆಯವರು ಎಂಬತ್ತೆರಡರ ಗೇಶೆ ಓಲ್ಟ್‌ಮನ್ಸ್. ಅವರ ಕಿಟಕಿಯಲ್ಲಿ ವಾರದ ಮಾತ್ರೆಗಳ ಡಬ್ಬಿಯಿತ್ತು. ಅಂದು ಶುಕ್ರವಾರ, ಏಳು ಖಾನೆಗಳೂ ಭರ್ತಿ, ಮುಚ್ಚಳದ ಮೇಲೆ ಧೂಳು. ಎರಡನೆಯ ಕಪ್ಪು ಮುಗಿದಾಗ ಗೇಶೆ, "ಆ ಕ್ಲಾಂಪ್ ಇದ್ದಾನಲ್ಲ..." ಎಂದು ಗಂಟಲು ಸರಿಮಾಡಿಕೊಂಡರು.

ಅದೇ ಗಳಿಗೆಗೆ ಆ ದಿನದ ಹದಿನಾಲ್ಕೂ ಕಪ್ಪು ಅವನ ಹೊಟ್ಟೆಯಲ್ಲಿ ದಂಗೆಯೆದ್ದವು. ಇನ್ನೊಂದು ಸುರಿದರೆ ಮಾನ ಹೋಗುತ್ತದೆಂಬ ಗಾಬರಿಯಲ್ಲಿ ಕಪ್ಪಿಗೆ ಚಮಚ ಹಾಕಿ ಶೌಚಾಲಯಕ್ಕೆ ಓಡಿದ. ಮರಳುವಷ್ಟರಲ್ಲಿ ಮೇಜು ಒರೆಸಿಯಾಗಿತ್ತು.

"ಏನೋ ಹೇಳ್ತಿದ್ರಿ, ಅಮ್ಮಾ?"

"ಏನಿಲ್ಲ ಬಿಡು. ಹುಷಾರಾಗಿ ಹೋಗು, ಮೋಡ ಆಗಿದೆ."

ವಿಯಾರ್ಡ್ ಹುಟ್ಟಿ ಬೆಳೆದದ್ದು ಇದೇ ಊರಲ್ಲಿ. ಐದನೇ ವಯಸ್ಸಿಗೆ ಕಲಿತ ಚಮಚದ ಪಾಠವನ್ನು ಮೂವತ್ತೊಂದಕ್ಕೆ ಮರೆತಿದ್ದ. ವಾರದ ಕೊನೆಯೆರಡು ದಿನ ತನ್ನನ್ನೇ ಬೈದುಕೊಂಡ.

ಸೋಮವಾರ ಬೆಳಗಿನಿಂದ ನೀರೂ ಮುಟ್ಟದೆ ಮತ್ತೆ ಹೋದ. ಮೂರನೆಯ ಕಪ್ಪು ಬಂತು. ಗೇಶೆಯ ಕಣ್ಣು ಅವನ ಮಣಿಕಟ್ಟಿನ ಮೇಲೆ ಬಿತ್ತು.

"ಅದೇನು ಬಳೆ?"

"ತಾಮ್ರದ್ದು. ಟೈಪ್ ಮಾಡಿ ಮಾಡಿ ಕೈನೋವು, ಅದಕ್ಕೆ."

"ಹೋಯ್ತಾ ನೋವು?"

"ಇಲ್ಲ."

"ಮತ್ಯಾಕೆ ಹಾಕ್ಕೊಂಡಿದ್ದೀಯ?"

"ದುಡ್ಡು ಕೊಟ್ಟಿದ್ದೀನಲ್ಲಮ್ಮ." ಸುಳ್ಳು ಚಿಕಿತ್ಸೆಯ ವಿರುದ್ಧ ಹೊರಟ ಸರ್ಕಾರದ ಪ್ರತಿನಿಧಿ ಕಿವಿಯವರೆಗೂ ಕೆಂಪಾದ.

ಗೇಶೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಂತೂ ಪೆದ್ದಿ ನಾನೊಬ್ಬಳೇ ಅಲ್ಲ. ಆ ಕ್ಲಾಂಪ್ ಮಾತ್ರೆ ಕಸಕ್ಕೆ ಹಾಕಿ ಅಂದ ಕಣೋ. ನಾಲ್ಕು ವಾರದಿಂದ ತಗೊಂಡಿಲ್ಲ, ದಿನಾ ತಲೆ ಸುತ್ತುತ್ತೆ. ಮಗಳಿಗೆ ಹೇಳೋಕೆ ನಾಚಿಕೆ. ಶುಕ್ರವಾರಾನೇ ಹೇಳೋಳಿದ್ದೆ, ನೀನು ಚಮಚ ಇಟ್ಟುಬಿಟ್ಟೆ."

"ಅಯ್ಯೋ ಅಮ್ಮಾ! ಒಂದು ಚಮಚಕ್ಕೋಸ್ಕರ ಇನ್ನೂ ಮೂರು ದಿನ ತಲೆ ಸುತ್ತಿಸ್ಕೊಂಡ್ರಾ?"

"ಚಮಚ ಇಟ್ಟೋರನ್ನ ಕೂರಿಸ್ಕೊಂಡು ಮಾತಾಡೋಕಾಗುತ್ತಾ?"

"ಈಗ ಡಾಕ್ಟರ ಹತ್ರ ಹೋಗೋಣ, ಏಳಿ. ಗುರುವಾರ ಕೋರ್ಟಿಗೂ ಬರ್ತೀರಾ?"

"ಆ ಬಳೆ ಬಿಚ್ಚು. ಬರ್ತೀನಿ."

ಬಿಚ್ಚಿದ. ಕೈಯಲ್ಲಿ ಹಸಿರು ಗುರುತು ಉಳಿದಿತ್ತು.

ಗುರುವಾರ ಕೋರ್ಟಿನ ಮೆಟ್ಟಿಲಲ್ಲಿ ಕ್ಲಾಂಪ್ ಓಡಿಬಂದು ಗೇಶೆಯ ಕೈ ಹಿಡಿದ. ಅವರು ಬಿಡಿಸಿಕೊಳ್ಳಲಿಲ್ಲ. ಆದರೆ ಸಾಕ್ಷಿಯ ಕುರ್ಚಿಯಲ್ಲಿ ಕೂತವರೇ ಎಲ್ಲವನ್ನೂ ಹೇಳಿದರು.

"ನಿಮ್ಮ ವಯಸ್ಸಿಗೆ ಮರೆವು ಸಹಜ ಅಲ್ವೇ?" ಎಂದ ಕ್ಲಾಂಪನ ವಕೀಲ.

"ಇದನ್ನ ಮೂರನೇ ಸಲ ಕೇಳ್ತಿದ್ದೀರಪ್ಪ. ಮರೆವು ಯಾರಿಗೆ?"

ಕ್ಲಾಂಪ್‌ಗೆ ದಂಡ ಬಿತ್ತು, ಮಾರಾಟಕ್ಕೂ ನಿಷೇಧ ಬಂತು. ಹಿಂದಿನ ಬೆಂಚಿನಲ್ಲಿ ಅಂದು ಕ್ಲಾಂಪನನ್ನು ಹೊಗಳಿ ಕಳಿಸಿದ್ದ ಆ ಎಂಟೂ ಮನೆಯವರು ಹೊಸ ಟೋಪಿ ಹಾಕಿ ಕೂತಿದ್ದರು. ಹೊರಬಂದೊಡನೆ ವಿಯಾರ್ಡ್‌ನನ್ನು ಮುತ್ತಿದರು.

"ಇನ್ಮೇಲೆ ಬಸ್ ಯಾರಪ್ಪ ಬಿಡ್ತಾರೆ? ನಿಮ್ಮ ಕಚೇರೀನಾ?"

ವಿಯಾರ್ಡ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು. ಗೇಶೆ ಬೆಂಚಿನ ಮೇಲೆ ಕೂತು, ಫ್ಲಾಸ್ಕಿನ ಚಹಾದಲ್ಲಿ ಮಧ್ಯಾಹ್ನದ ಮಾತ್ರೆ ನುಂಗಿದರು. ಕಪ್ಪು ತುಂಬಿಸಿ ಅವನ ಕೈಗಿತ್ತರು.

"ಕೂತ್ಕೊ ಹುಡುಗಾ. ಇನ್ನೂ ಎರಡಿದೆ."