ಅಮ್ಮ ಕೊಡುತ್ತಿದ್ದ ಬೀಗದಕೈ

ಹೊಸಹೊಳಲಿನ ಕಮ್ಮಾರ ಕಾಳಾಚಾರಿಗೆ ಚಿಕ್ಕಂದಿನಿಂದಲೂ ಮೂರ್ಛೆರೋಗ. ಅದನ್ನು ಬರೆದರೆ ಆರೋಗ್ಯ ವಿಮೆ ಸಿಗುವುದಿಲ್ಲವೆಂದು ಏಜೆಂಟ್ ಮಹಾಶಯನೇ ಅರ್ಜಿಯಲ್ಲಿ ‘ಯಾವ ಕಾಯಿಲೆಯೂ ಇಲ್ಲ’ ಎಂದು ತುಂಬಿದ. ಮರುವರ್ಷ ಕುಲುಮೆಯ ಮುಂದೆ ಕೂತಿದ್ದಾಗಲೇ ಮೂರ್ಛೆ ಬಂದು ಎರಡೂ ಕೈ ಕೆಂಡದೊಳಗೆ ಹೋದವು.

ಆಸ್ಪತ್ರೆಯ ಖರ್ಚು ಕೊಡುವ ಮುನ್ನ ವಿಚಾರಿಸಲು ವಿಮೆ ಕಂಪನಿಯವನೊಬ್ಬ ಬಂದ. ಕಾಳಾಚಾರಿಯ ತಾಯಿ ದೊಡ್ಡತಾಯಮ್ಮ ಕೊಟ್ಟ ಮಜ್ಜಿಗೆ ಕುಡಿದು, “ಇಂಗೆ ಆಗಿದ್ದು ಇದೇ ಮೊದಲಾ, ಅಮ್ಮ?” ಎಂದ.

ಮಗನನ್ನು ಸಾಕಿದ ಹೆಮ್ಮೆ ಮುದುಕಿಗೆ. “ಎಂಟು ವರ್ಸದ ಮಗ ಆಗಿದ್ದಾಗಿಂದ್ಲೂ ಬತ್ತದೆ ಕಣಪ್ಪ. ನಾನು ಕೈಗೆ ಬೀಗದಕೈ ಕೊಟ್ರೆ ಎದ್ಬುಡ್ತಾನೆ,” ಎಂದಳು. ಅವನು ಅಷ್ಟನ್ನೂ ಬರೆದುಕೊಂಡ, ಇನ್ನೊಂದು ಲೋಟ ಮಜ್ಜಿಗೆಯನ್ನೂ ಕುಡಿದ.

ರೋಗ ಮುಚ್ಚಿಟ್ಟಿದ್ದೀರೆಂದು ಕಂಪನಿ ಬಿಡಿಗಾಸೂ ಕೊಡಲಿಲ್ಲ. ಈಗಲೂ ಮೂರ್ಛೆ ಬಂದಾಗ ದೊಡ್ಡತಾಯಮ್ಮ ಬೀಗದಕೈ ತೆಗೆದುಕೊಂಡು ಓಡಿಬರುತ್ತಾಳೆ. ಹಿಡಿಯಲು ಮಗನಿಗೆ ಬೆರಳುಗಳಿಲ್ಲ.