ಪಡಸಾಲೆಯಿಂದ ಬಜಾರಿಗೆ ಹೋದ ಮಷೀನು

ಮದುವೆಯಾಗಿ ಶಹಾಪುರಕ್ಕೆ ಬಂದ ಮರುವರ್ಷ ನಾನು ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿದೆ. ಮನೆಗೆಲಸ, ದುಡಿಮೆ ಎರಡನ್ನೂ ಒಂದೇ ಸೂರಿನಡಿ ನೋಡಿಕೊಳ್ಳಬಹುದು ಎಂದುಕೊಂಡಿದ್ದೆ. ಆದದ್ದು ಬೇರೆ. ಬ್ಲೌಸ್ ಹೊಲಿಸುವವರು ಹೊತ್ತುಗೊತ್ತು ನೋಡುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅಳತೆ ಕೊಡಲು ಬರುತ್ತಿದ್ದರು, ಮಗಳಿಗೆ ಜಡೆ ಹಾಕುವಾಗ ಹುಕ್ ಹಚ್ಚಿಸಿಕೊಳ್ಳಲು ಬರುತ್ತಿದ್ದರು. ಹಾಸಿಗೆಯಲ್ಲಿ ಗುಂಡುಸೂಜಿ ಸಿಗುತ್ತಿತ್ತು. ಮಗಳು ಏನಾದರೂ ಹೇಳಲು ಬಂದರೆ ಮಷೀನಿನ ಸದ್ದಿನಲ್ಲೇ ಹೂಂಗುಟ್ಟುತ್ತಿದ್ದೆ.

ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿದ್ದ ಗೆಳತಿ, "ನನ್ನ ದುಕಾನದಾಗ ಅರ್ಧ ಜಾಗ ಖಾಲಿ ಅದ, ಬಂದು ಕುಂದ್ರು" ಎಂದು ಎಷ್ಟೋ ಸಲ ಕರೆದಿದ್ದಳು. ಅತ್ತೆಯನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಸೊಸೆ ಬಜಾರಿನಲ್ಲಿ ಕೂರುವುದು ಅವರಿಗೆ ಹಿಡಿಸಲಾರದು ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಅತ್ತೆ, ನಾನು ಉಣ್ಣಲು ಕುಳಿತಿದ್ದೆವು. ಹತ್ತಿರದ ಸಗರ ಊರಿನಿಂದ ಒಬ್ಬ ಹೆಂಗಸು ಬಟ್ಟೆ ಹಿಡಿದು ಬಂದಳು. ನಾನು ಎಂಜಲುಗೈಯಲ್ಲೇ ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಎಳೆದರು.

"ಕುಂದ್ರು. ಉಣ್ಣು ಮೊದ್ಲ."

ಆಮೇಲೆ ಬಂದವಳ ಕಡೆ ತಿರುಗಿ, "ಬಾ ಯವ್ವಾ, ನೀನೂ ಒಂದು ರೊಟ್ಟಿ ತಿನ್ನು. ಆಕಿ ಉಂಡಮ್ಯಾಲ ಅಳತಿ ತಗೋತಾಳ" ಎಂದರು.

"ಬಸ್ಸಿಗಿ ಹೊತ್ತಾಗ್ತದ್ರಿ."

"ಇನ್ನೊಂದು ಬಸ್ ಬರ್ತದ."

ಆಕೆ ನಕ್ಕು ಕುಳಿತಳು. ಪುಂಡಿಪಲ್ಯ ರುಚಿಯಾಗಿದೆ ಎಂದು ಮತ್ತೊಮ್ಮೆ ಹಾಕಿಸಿಕೊಂಡಳು.

ಆಕೆ ಹೋದ ಮೇಲೆ ಅತ್ತೆ ಹೇಳಿದರು: "ಈ ಮಷೀನ್ ಹೊರಗ ಎಲ್ಲಿಗರ ಒಯ್ಯಿ. ಮನ್ಯಾಗ ಇದ್ದೂ ನೀ ನಮ್ಮ ಕೈಗಿ ಸಿಗವಲ್ಲಿ."

"ಬಜಾರದಾಗ ಕುಂತ್ರ ನಡೀತದೇನ್ರಿ ಅತ್ತಿ?"

"ಯಾಕ ನಡ್ಯಂಗಿಲ್ಲ? ಸಂಜಿಗಿ ಬಾಗ್ಲ ಹಾಕಿ ಮನಿಗಿ ಬಾ. ಅಷ್ಟ."

ಇಷ್ಟು ದಿನ ಅಂಜಿದ್ದು ಇವರಿಗೇನಾ ಎನಿಸಿ ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮರುದಿನ ಗಂಡ ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಬಳೆ ಅಂಗಡಿಗೆ ಸಾಗಿಸಿದರು.

ಗಿರಾಕಿಗಳು ಕೈಬಿಟ್ಟಾರೆಂಬ ಭಯ ಕೆಲವು ದಿನ ಇತ್ತು. ಸಂಜೆ ಮನೆಗೇ ಬಂದವರನ್ನು ಅತ್ತೆ ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, "ನಾಳಿ ದುಕಾನಕ್ಕ ಹೋಗ್ರಿ" ಎಂದು ಕಳಿಸುತ್ತಿದ್ದರು. ಯಾರೂ ಮುನಿಸಿಕೊಳ್ಳಲಿಲ್ಲ. ಹಬ್ಬದ ಮುಂದೆ ಈಗಲೂ ಕೆಲಸ ಮೈಮೇಲೆ ಬಿದ್ದು ತಡವಾಗುತ್ತದೆ. ಉಳಿದಂತೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತೇನೆ. ಮಗಳು ಶಾಲೆಯ ಜಗಳಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ. ಒಮ್ಮೊಮ್ಮೆ ಸಾಕಪ್ಪಾ ಎನಿಸುವಷ್ಟು.

ಹೋದ ತಿಂಗಳು ಅತ್ತೆಯ ಜೊತೆ ಸುರಪುರಕ್ಕೆ, ಅವರ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋದೆ. ಮೊದಲಾದರೆ ಹುಕ್ ಹಚ್ಚುವ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡೇ ಹೊರಡುತ್ತಿದ್ದೆ. ಈ ಸಲ ಬರಿಗೈ. ಬಸ್ಸು ಭೀಮರಾಯನಗುಡಿ ದಾಟುವಷ್ಟರಲ್ಲಿ ನಿದ್ದೆ ಹತ್ತಿತು. ಅತ್ತೆ ಭುಜ ಅಲುಗಿಸಿದಾಗಲೇ ಎಚ್ಚರ.

"ಏಳವ್ವ, ಊರು ಬಂತು."