ಮಕ್ಕಳ ಮುಖಕ್ಕೆ ಬೆಳಕು ಹುಡುಕಿದ ಸಂಧ್ಯಾರಾಣಿ ಮೇಡಂ

ನಮ್ಮ ಸೀಮೆಯ ಪ್ರೌಢಶಾಲೆಗಳ ಗೋಡೆಯ ಮೇಲೆ ತೂಗುಹಾಕಿರುವ ಹತ್ತನೆಯ ತರಗತಿಯ ಗುಂಪು ಫೋಟೋಗಳನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಹಳೆಯವುಗಳಲ್ಲಿ ಮಕ್ಕಳೆಲ್ಲ ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ, ಯಾರ ಮೇಲೋ ಮುನಿಸಿಕೊಂಡವರಂತೆ ನಿಂತಿರುತ್ತಾರೆ. ಇತ್ತೀಚಿನವುಗಳಲ್ಲಿ, ಕೆಲವು ಶಾಲೆಗಳಲ್ಲಾದರೂ, ಅದೇ ಊರಿನ ಅದೇ ಬಿಸಿಲಿನ ಮಕ್ಕಳು ಕಣ್ಣರಳಿಸಿ ನಮ್ಮನ್ನೇ ನೋಡುತ್ತಾರೆ. ಈ ಬದಲಾವಣೆಯ ಹಿಂದಿರುವ ಕೈಗಳಲ್ಲಿ ಚಿತ್ರಕಲಾ ಶಿಕ್ಷಕಿ ಶ್ರೀಮತಿ ಸಂಧ್ಯಾರಾಣಿಯವರದು ಮೊದಲನೆಯದಲ್ಲದಿದ್ದರೂ ಅತ್ಯಂತ ತಾಳ್ಮೆಯದು. ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ, ಹೀಗೆ ನಾಲ್ಕು ಕಡೆ ಸೇವೆ ಸಲ್ಲಿಸಿ ಈಗ ನಿವೃತ್ತರಾಗಿರುವ ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ, ಅವರ ಕ್ಯಾಮೆರಾದ ಕಥೆಗೂ ಒಂದಿಷ್ಟು ಜಾಗ ಸಲ್ಲಬೇಕು.

ಹೊನ್ನಾಳಿ ಅವರ ಮೊದಲ ಊರು. ಆಗಿನ್ನೂ ರೀಲಿನ ಕಾಲ. ವರ್ಷಕ್ಕೊಮ್ಮೆ ಸ್ಟುಡಿಯೋದ ಜಯಪ್ಪನವರು ಶಾಲೆಗೆ ಬಂದು, ಮಕ್ಕಳನ್ನು ಸೂರ್ಯನಿಗೆ ಮುಖಮಾಡಿ ಸಾಲಾಗಿ ನಿಲ್ಲಿಸಿ, "ಯಾರೂ ಕಣ್ ಮುಚ್ಚಬ್ಯಾಡ್ರಪ್ಪಾ" ಎಂದು ಗದರಿಸಿ ಫೋಟೋ ತೆಗೆದು ಹೋಗುತ್ತಿದ್ದರು. ಮಕ್ಕಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮಣ್ಣಿನ ಮಡಕೆಯೊಂದನ್ನು ಕಿಟಕಿಯ ಬಳಿಯಿಟ್ಟು, ಒಂದು ಮಗ್ಗುಲಿನಿಂದ ಬೆಳಕು ಬಿದ್ದರೆ ಅದರ ದುಂಡು ಹೇಗೆ ಕಾಣುತ್ತದೆಂದು ಮಕ್ಕಳಿಗೆ ಪೆನ್ಸಿಲಿನಲ್ಲಿ ಕಲಿಸುತ್ತಿದ್ದ ಸಂಧ್ಯಾರಾಣಿಯವರಿಗೆ, ಮಡಕೆಗಿರುವ ಈ ಮರ್ಯಾದೆ ಮಕ್ಕಳ ಮುಖಕ್ಕೆ ಏಕಿಲ್ಲವೆನ್ನಿಸಿತು. ಆದರೆ ಹೊಸದಾಗಿ ಸೇರಿದವರು. ಹಿರಿಯರ ಎದುರು ಬಾಯಿ ತೆರೆಯಲಿಲ್ಲ. ಹಳೆಯದೊಂದು ಕ್ಯಾಮೆರಾ ಕೊಂಡು ಸುಮ್ಮನೆ ಅಭ್ಯಾಸ ಆರಂಭಿಸಿದರು.

ನ್ಯಾಮತಿಗೆ ವರ್ಗವಾದ ಮೇಲೆ ಆ ಅಭ್ಯಾಸ ಬಹಿರಂಗಕ್ಕೆ ಬಂತು. ಸೂರ್ಯನ ಉಪಟಳವೇ ಬೇಡವೆಂದು ಮಕ್ಕಳನ್ನು ಶಾಲೆಯ ಹೊಂಗೆಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು. ಎಲೆಗಳ ಸಂದಿಯಿಂದ ತೂರಿಬಂದ ಬಿಸಿಲು ಎಲ್ಲರ ಮುಖದ ಮೇಲೂ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಒಬ್ಬ ಹುಡುಗಿ ತನ್ನ ಫೋಟೋ ತಿರುಗಿಸಿ ತಿರುಗಿಸಿ ನೋಡಿ, "ಮೇಡಂ, ನನ್ ಮುಖಕ್ಕೆ ಚಿಬ್ಬು ಹತ್ತಿದಂಗೆ ಕಾಣ್ತೈತಲ್ರೀ" ಎಂದಳು. ತರಗತಿ ನಕ್ಕಿತು, ಸಂಧ್ಯಾರಾಣಿಯವರೂ ನಕ್ಕರು. ನಕ್ಕ ಮೇಲೆ ಅಷ್ಟೂ ಮಕ್ಕಳನ್ನು ಶಾಲೆಯ ಗೋಡೆಯ ನೆರಳಿಗೆ ಕರೆತಂದು ಮತ್ತೆ ತೆಗೆದರು. ತಪ್ಪನ್ನು ಮಕ್ಕಳ ಮೇಲೆ ಹೊರಿಸದೆ ಕೆಲಸವನ್ನು ಮತ್ತೊಮ್ಮೆ ಮಾಡುವ ಈ ಗುಣವನ್ನು ಅವರೊಡನೆ ದುಡಿದವರೆಲ್ಲ ಬಲ್ಲರು.

ಆದರೆ ಅವರ ಕಣ್ಣನ್ನು ನಿಜವಾಗಿ ತೆರೆಸಿದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯ ಕಡೆಯ ಒಂದು ಶಾಲೆ. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಎಂಟನೆಯ ತರಗತಿಯ ಪ್ರತಿಯೊಂದು ಮಗುವಿಗೂ ಅದರದೇ ಒಂದು ಭಾವಚಿತ್ರ ಕೊಡಬೇಕೆಂದು ಅವರು ಸಂಕಲ್ಪಿಸಿದರು. ಸಿಕ್ಕ ಬಿಡುವು ನಡುಹಗಲಿನದು; ಬಿಸಿಲು ನೆತ್ತಿಯ ಮೇಲಿತ್ತು. ಮಕ್ಕಳ ಹಿಂದೆ ಬಿಳಿಯ ಆಕಾಶ, ಕಣ್ಣುಗುಳಿಗಳಲ್ಲಿ ಕಪ್ಪು ನೆರಳು. ಮೈಬಣ್ಣ ಕಪ್ಪಾಗಿದ್ದ ಮಕ್ಕಳ ಮುಖಗಳಂತೂ ಚಿತ್ರದಲ್ಲಿ ಗುರುತೇ ಸಿಗದಂತೆ ಮುಳುಗಿಹೋಗಿದ್ದವು. ಮಕ್ಕಳಿಗೆ ಬೇಸರವಾದೀತೆಂದು ಸಂಧ್ಯಾರಾಣಿಯವರು ಆ ಚಿತ್ರಗಳನ್ನು ಪಟ್ಟಣದ ಸ್ಟುಡಿಯೋವೊಂದಕ್ಕೆ ಒಯ್ದು, ಮುಖಗಳನ್ನು ಸ್ವಲ್ಪ ತಿಳಿ ಮಾಡಿಕೊಡಿ ಎಂದರು. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಎಲ್ಲ ಮುಖಗಳನ್ನೂ ಒಂದೇ ಸಮನೆ ಬೆಳ್ಳಗೆ ಮಾಡಿ ಕೊಟ್ಟರು. ಮಕ್ಕಳು ಕುಣಿದಾಡಿದರು. ಮೇಡಂಗೂ ಸಮಾಧಾನವಾಯಿತು.

ಎರಡು ದಿನ ಕಳೆದು, ಗಿಡ್ಡಮ್ಮ ಎಂಬ ಅಜ್ಜಿ ಶಾಲೆಗೆ ಬಂದರು. ಎಂಟನೆಯ ತರಗತಿಯ ಧನುಶ್ರೀಯ ತಂದೆಯ ತಾಯಿ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು, ಸೆರಗಿನಲ್ಲಿ ಸುತ್ತಿ ತಂದಿದ್ದ ಫೋಟೋ ಹೊರತೆಗೆದರು.

"ಅದಲುಬದಲಾಗೈತೆ ಮೇಡಂ. ಬ್ಯಾರೆ ಯಾರ್ದೋ ಹುಡುಗಿ ಫೋಟೋ ನಮ್ಮನಿಗೆ ಬಂದೈತೆ."

"ಇಲ್ಲಮ್ಮ, ಇದು ಧನುಶ್ರೀನೇ."

"ಅಂಗಿ ಅವಳ್ದು ಐತೆ. ಜಡೆ ಅವಳ್ದು ಐತೆ. ಅವಳಿಲ್ಲ."

ಬಿಸಿಲಿಗೆ ಮುಖ ಕಪ್ಪಗೆ ಬಂದಿತ್ತೆಂದೂ, ಚೆನ್ನಾಗಿ ಕಾಣಲೆಂದು ಸ್ವಲ್ಪ ಬೆಳ್ಳಗೆ ಮಾಡಿಸಿದೆನೆಂದೂ ಸಂಧ್ಯಾರಾಣಿಯವರು ವಿವರಿಸಿದರು. ಗಿಡ್ಡಮ್ಮ ಪೂರ್ತಿ ಕೇಳಿಸಿಕೊಂಡು, "ಯಾಕೆ?" ಎಂದರು.

ಸಂಧ್ಯಾರಾಣಿಯವರು ಫೋಟೋವನ್ನು ಕೈಗೆ ತೆಗೆದುಕೊಂಡು ಮತ್ತೊಮ್ಮೆ ನೋಡಿದರು.

"ನನ್ ಬಣ್ಣ ಕಣ್ರೀ ಅದು," ಎಂದರು ಅಜ್ಜಿ, ಜಗಳಕ್ಕೆ ಬಂದವರಂತಲ್ಲದೆ ಮನೆಯ ಮಾತು ಹೇಳುವವರಂತೆ. "ನನ್ ಮಗಗೆ ಬರಲಿಲ್ಲ. ಈ ಕೂಸಿಗೆ ಬಂತು. ಹುಟ್ಟಿದಾಗ ಎತ್ಕಂಡು, ನೋಡ್ರೇ, ನನ್ನಂಗೇ ಐತೆ ಅಂದಿದ್ದೆ. ಈಗ ಆ ಹುಡುಗಿ ಈ ಫೋಟೋ ನೋಡ್ಕಂಡು ಬಿಸಿಲಿಗೇ ಬರಾಕೆ ಒಲ್ಲೆ ಅಂತಾಳೆ. ಪೌಡರ್ ಡಬ್ಬಿ ಖಾಲಿ ಮಾಡ್ಯಾಳೆ. ಖೋ ಖೋ ಆಡಾಕೆ ಹೋಗಲ್ಲಂತೆ, ಕಪ್ಪಗಾಗ್ತೀನಿ ಅಂತ."

ಶಾಲೆಯ ಖೋ ಖೋ ತಂಡದಲ್ಲಿ ಧನುಶ್ರೀಯಷ್ಟು ಚುರುಕಾಗಿ ಓಡುವವರಿರಲಿಲ್ಲ. ದೈಹಿಕ ಶಿಕ್ಷಕರಾದ ಗುರುಬಸವರಾಜ್ ಅವರು ಆ ಎರಡು ದಿನ ಅವಳು ಮೈದಾನಕ್ಕೆ ಬಾರದಿದ್ದುದಕ್ಕೆ ಜ್ವರವಿರಬಹುದೆಂದುಕೊಂಡಿದ್ದರು. ತಾವು ಪ್ರೀತಿಯಿಂದ ಮಾಡಿದ ಕೆಲಸ ಒಂದು ಮಗುವಿಗೆ ಅವಳ ಮುಖವೇ ತಪ್ಪೆಂದು ಹೇಳಿಕೊಟ್ಟಿದೆಯೆಂದು ಅರಿವಾದಾಗ ಸಂಧ್ಯಾರಾಣಿಯವರು ಅಜ್ಜಿಯ ಎದುರಿಗೆ ನೆಲದ ಮೇಲೆಯೇ ಕುಳಿತರು.

ಕುಳಿತ ಮೇಲೆ ಅವರು ಗಿಡ್ಡಮ್ಮನ ಮುಖವನ್ನು ನೋಡಿದರು. ತಲೆಯ ಮೇಲೆ ಪಡಸಾಲೆಯ ಸೂರು. ನೇರ ಬಿಸಿಲು ತಾಗುತ್ತಿರಲಿಲ್ಲ. ಮುಂದೆ ಬಿಳಿಮಣ್ಣಿನ ಅಂಗಳ. ಅಲ್ಲಿ ಬಿದ್ದ ಬೆಳಕು ಮೆತ್ತಗೆ ಮೇಲೆದ್ದು ಆ ಕಪ್ಪು ಮುಖವನ್ನೆಲ್ಲ ತುಂಬಿತ್ತು. ಕೆನ್ನೆಯ ಮೇಲೆ ಹೊಳಪಿತ್ತು, ಒಂದೊಂದು ಸುಕ್ಕೂ ಬಿಡಿಬಿಡಿಯಾಗಿ ಕಾಣುತ್ತಿತ್ತು, ಎರಡೂ ಕಣ್ಣುಗಳಲ್ಲಿ ಅಂಗಳ ಚಿಕ್ಕದಾಗಿ ಮೂಡಿತ್ತು. ಆ ಬಣ್ಣಕ್ಕೆ ಏನನ್ನೂ ಬಳಿಯಬೇಕಾಗಿರಲಿಲ್ಲ. ಬೆಳಕು ಸರಿಯಾದ ಕಡೆಯಿಂದ ಬಂದಿದ್ದರೆ ಸಾಕಾಗಿತ್ತು.

"ಅಮ್ಮ, ನಿಮ್ದೊಂದು ಫೋಟೋ ತೆಗೀಲಾ?"

"ನನ್ದಾ? ತೆಗೀರಿ. ಆದ್ರೆ ನನ್ನನ್ನೇ ತೆಗೀರಿ."

ಆ ಚಿತ್ರವನ್ನು ಮುದ್ರಿಸುವಾಗ ಮೇಡಂ ಸ್ಟುಡಿಯೋದ ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕುಳಿತು, ಮುಖಕ್ಕೆ ಕೈಹಚ್ಚದಂತೆ ನೋಡಿಕೊಂಡರು. ಮರುದಿನ ಧನುಶ್ರೀಯನ್ನು ಕರೆದು ಅದನ್ನು ಅವಳ ಕೈಗೆ ಕೊಟ್ಟರು. ಹುಡುಗಿ ಬಹಳ ಹೊತ್ತು ನೋಡಿದಳು.

"ಅಜ್ಜಿ ಎಷ್ಟ್ ಚಂದ ಬಂದಾಳೆ," ಎಂದಳು.

"ನಿನ್ನದೂ ಇನ್ನೊಮ್ಮೆ ತೆಗೀತೀನಿ, ಬಾ."

"ಬ್ಯಾಡ ಮೇಡಂ. ನನಗೆ ಆ ಬೆಳ್ಳಗಿರೋ ಫೋಟೋನೇ ಸಾಕು."

ಅವರು ಬಲವಂತ ಮಾಡಲಿಲ್ಲ. ಆದರೆ ಆ ತಿಂಗಳಿಡೀ, ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಮತ್ತು ಸಂಜೆ ಶಾಲೆ ಬಿಟ್ಟ ಮೇಲೆ, ಉಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ಅದೇ ಪಡಸಾಲೆಯ ಅಂಚಿನಲ್ಲಿ ಕೂರಿಸಿ ಹೊಸದಾಗಿ ಚಿತ್ರ ತೆಗೆದರು. ಹಿಂದಿನ ಬಿಳಿ ಆಕಾಶಕ್ಕೆ ಕ್ಯಾಮೆರಾ ಮೋಸ ಹೋಗಿ ಮುಖವನ್ನು ಕಪ್ಪಾಗಿಸುತ್ತದೆಂದು ತಿಳಿದು, ಆಕಾಶವನ್ನು ಬಿಟ್ಟು ಮಗುವಿನ ಕೆನ್ನೆಯ ಮೇಲೆ ಬಿದ್ದ ಬೆಳಕನ್ನೇ ಕ್ಯಾಮೆರಾದಲ್ಲಿ ಅಳೆಯುವುದನ್ನು ರೂಢಿ ಮಾಡಿಕೊಂಡರು. ಗುರುಬಸವರಾಜ್ ಅವರು ತಮ್ಮ ಬಿಳಿ ಪಂಚೆಯನ್ನು ಮನೆಯಿಂದ ತಂದು, ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಮುಖಗಳ ಕಡೆ ಬೆಳಕು ತಿರುಗಿಸುತ್ತಿದ್ದರು. "ಪೀಟಿ ಸಾರ್ ಬಟ್ಟೆ ಒಣಗಿಸಾಕೆ ನಿಂತಾರೆ" ಎಂದು ಮಕ್ಕಳು ನಗುತ್ತಿದ್ದರು. ಆ ನಗುವಿನಲ್ಲೇ ಒಳ್ಳೆಯ ಚಿತ್ರಗಳು ಸಿಗುತ್ತಿದ್ದವು. ಧನುಶ್ರೀ ದೂರದ ಕಂಬದ ಬಳಿ ನಿಂತು ನೋಡುತ್ತಿದ್ದಳು. ದಿನ ಕಳೆದಂತೆ ಹತ್ತಿರದ ಕಂಬಕ್ಕೆ ಬಂದಳು. ಆಮೇಲೆ ಪಂಚೆಯ ಒಂದು ತುದಿಯನ್ನು ತಾನೇ ಹಿಡಿದಳು. ಕೊನೆಗೊಂದು ಸಂಜೆ ಪೌಡರ್ ತೊಳೆದ ಒದ್ದೆ ಮುಖದಲ್ಲಿ ಬಂದು, "ಈಗ ತೆಗೀರಿ ಮೇಡಂ" ಎಂದು ಕುಳಿತಳು.

ಆ ಚಿತ್ರ ನೋಡಿದ ಹುಡುಗಿಯ ತಾಯಿ ಅಂಬಿಕಾ ಅವರು ಅದನ್ನು ಮನೆಯಲ್ಲಿ ಬುದ್ಧನ ಪಟದ ಪಕ್ಕದ ಮೊಳೆಗೆ ತೂಗುಹಾಕಿದರಂತೆ. ಧನುಶ್ರೀ ಆ ವಾರವೇ ಮೈದಾನಕ್ಕೆ ಮರಳಿದಳು. ಎಲ್ಲ ಮನೆಗಳಲ್ಲೂ ಹೀಗೆಯೇ ಆಯಿತೆಂದರೆ ಸುಳ್ಳಾದೀತು. ಕೆಲವರು ಬೆಳ್ಳಗಿನ ಫೋಟೋವನ್ನೇ ಉಳಿಸಿಕೊಂಡರು. ಒಬ್ಬ ತಾಯಿಯಂತೂ "ನೀವು ಮಾಡಿದ ಉಪಕಾರಾನ ನೀವೇ ಕಿತ್ಕಂತೀರೇನ್ರಿ" ಎಂದು ನೊಂದುಕೊಂಡರು. ಸಂಧ್ಯಾರಾಣಿಯವರು ಯಾರೊಡನೆಯೂ ವಾದಿಸಲಿಲ್ಲ. ಆದರೆ ಅಂದಿನಿಂದ ಯಾವ ಮಗುವಿನ ಮುಖವನ್ನೂ ಬೆಳ್ಳಗೆ ಮಾಡಿಸಲಿಲ್ಲ.

ಸೇವೆಯ ಕೊನೆಯ ವರ್ಷಗಳು ಚನ್ನಗಿರಿಯಲ್ಲಿ ಕಳೆದವು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಬಂದಿತ್ತು. ಅಕ್ಕಪಕ್ಕದ ಶಾಲೆಗಳ ಶಿಕ್ಷಕಿಯರು ತಮ್ಮ ಮಕ್ಕಳ ಫೋಟೋಗಳನ್ನು ತೋರಿಸಿ ಸಲಹೆ ಕೇಳುತ್ತಿದ್ದರು. ಅವರು ಪಾಠ ಹೇಳುವುದಕ್ಕಿಂತ ಮಾಡಿ ತೋರಿಸುತ್ತಿದ್ದುದೇ ಹೆಚ್ಚು. ತೊಳೆದ ಗೊಬ್ಬರದ ಚೀಲವನ್ನು ಬಿಚ್ಚಿ ಅದರ ಬಿಳಿಯ ಒಳಮೈಯನ್ನು ಬೆಳಕಿಗೆ ಹಿಡಿಯುವರು. ಬಿಸಿಲು ಬಿಡದಿದ್ದರೆ ಮಗುವಿನ ಬೆನ್ನನ್ನು ಸೂರ್ಯನಿಗೆ ತಿರುಗಿಸಿ ಕೂದಲಿಗೆ ಬೆಳಕಿನ ಅಂಚು ಕಟ್ಟಿಸುವರು. ಎಲ್ಲಕ್ಕಿಂತ ಮೊದಲು ನೋಯುವ ಮೊಣಕಾಲನ್ನು ನೆಲಕ್ಕೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ತಾವೇ ಇಳಿಯುವರು.

ನಿವೃತ್ತಿಯ ದಿನ ಸಂಜೆ, ಸನ್ಮಾನವೆಲ್ಲ ಮುಗಿದ ಮೇಲೆ, ಸಹಶಿಕ್ಷಕಿ ಚೈತ್ರಶ್ರೀಯವರು ತಮ್ಮ ಹಸುಗೂಸನ್ನು ಎತ್ತಿಕೊಂಡು ಬಂದರು. ಮೇಡಂ ಸೇವೆಯಲ್ಲಿರುವಾಗಲೇ ಅವರ ಕೈಯಿಂದ ಮಗುವಿನ ಮೊದಲ ಫೋಟೋ ಆಗಲೆಂಬುದು ಅವರ ಆಸೆ. ಪಡಸಾಲೆಯಲ್ಲಿ ಬೆಳಕು ಹದವಾಗಿತ್ತು, ಬೇಗಬೇಗ ಇಳಿಯುತ್ತಲೂ ಇತ್ತು. ಕೂಸು ಮಾತ್ರ ಗಾಢ ನಿದ್ದೆಯಲ್ಲಿತ್ತು. ಎಬ್ಬಿಸಿ, ಎಬ್ಬಿಸಿ ಎಂದು ಸುತ್ತಲಿದ್ದವರೆಲ್ಲ ಅವಸರಿಸಿದರು. ಸಂಧ್ಯಾರಾಣಿಯವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, "ಮಲಗ್ಲಿ ಬಿಡ್ರಿ. ನಾಳೇನೂ ಬೆಳಕಾಗ್ತೈತೆ" ಎಂದರು. ಮರುದಿನ ಹಾಜರಿಗೆ ಸಹಿ ಹಾಕುವ ಅಗತ್ಯವಿಲ್ಲದ ಮೊದಲ ಬೆಳಗ್ಗೆ, ಅವರು ಚೈತ್ರಶ್ರೀಯವರ ಮನೆಯ ಜಗಲಿಯಲ್ಲಿ ಕುಳಿತು ಕೂಸು ಕಣ್ಣು ಬಿಡುವುದನ್ನೇ ಕಾಯುತ್ತಿದ್ದರು.

ಇಂತಹ ಬೆಳಗುಗಳು ಅವರಿಗೆ ಬಹುಕಾಲ ಒದಗಲಿ. ಆಯುಸ್ಸು, ಆರೋಗ್ಯಗಳು ಅವರನ್ನು ಕೈಬಿಡದಿರಲಿ. ಮೊಣಕಾಲಿನ ನೋವು ಬೇಗ ಇಳಿಯಲಿ, ಕಣ್ಣಿನ ಸೂಕ್ಷ್ಮ ಹಾಗೆಯೇ ಉಳಿಯಲಿ. ನಾಲ್ಕೂ ಊರುಗಳಲ್ಲಿ ಅಂಗನವಾಡಿಯ ಮೆಟ್ಟಿಲ ಮೇಲೆ, ಮನೆಗಳ ಜಗಲಿಯ ಮೇಲೆ ಬಗೆಬಗೆಯ ಬಣ್ಣದ ಮಕ್ಕಳು ಆಡುತ್ತಿದ್ದಾರೆ. ಅವರ ಮುಂದೆ ಮಂಡಿಯೂರಿ ಕೂರಲು ಮೇಡಂಗೆ ಇನ್ನು ಯಾವ ಗಂಟೆಯ ಹಂಗೂ ಇಲ್ಲ.